ಶಂಕ್ರವ್ವನ ಹೆಸರಿನ ಖಣ

ಹೊನ್ನಗುಡ್ಡದ ಹೆಂಗಸರ ಕುಬಸಗಳು ಅವರ ಮೈಯ ಸುದ್ದಿ ಹೇಳಲು ಶುರುಮಾಡಿ ಎರಡನೇ ವರ್ಷ ನಡೆದಿತ್ತು. ಮೊದಮೊದಲು ಊರಲ್ಲಿ ಇದರದೇ ನಗೆ. 'ಕುಬಸ ಚಾಡಿ ಹೇಳತೈತಂತ, ಹುಷಾರು' ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಆಡಿಕೊಂಡರು. 'ತಡೀರಿ, ನಿಮ್ಮ ಅಂಗಿಗೂ ಬಾಯಿ ಕೊಡ್ತಾರ, ಸಂಜೀಕ ಎಲ್ಲಿ ಕುಂತಿದ್ರಿ ಅಂತ ಅದೂ ಹೇಳತೈತಿ' ಎಂದು ಹೆಂಗಸರು ತಿರುಗಿ ಕೊಟ್ಟ ಮೇಲೆ ಕಟ್ಟೆ ತಣ್ಣಗಾಯಿತು.

ನೋಡಲು ಅದು ಊರಿನ ಮಗ್ಗದಲ್ಲೇ ನೇಯ್ದ ಖಣ. ಅದೇ ರೇಷ್ಮೆ ದಡಿ, ಒಡಲ ತುಂಬ ಸೂಜಿಮಲ್ಲಿಗೆಯ ಸಣ್ಣ ಸಣ್ಣ ಹೂ. ಆ ಹೂವಿನ ದಾರ ಮಾತ್ರ ಬೇರೆ. ಮೈಯ ಬಿಸಿಯಿಂದಲೇ ಜೀವ ತುಂಬಿಕೊಂಡು, ಹೂವಿಂದ ಹೂವಿಗೆ ಇರುವೆ ಹರಿದಷ್ಟೂ ಗೊತ್ತಾಗದ ಕರೆಂಟು ಹಾಯಿಸುತ್ತಿತ್ತು. ಎದೆಯ ಮೆತ್ತನೆಯ ಮಾಂಸದಲ್ಲಿ ಆ ಕರೆಂಟು ಹಾಯುವ ರೀತಿ ಒಂದು, ಗಂಟು ಕಟ್ಟಿದ ಕಡೆ ಹಾಯುವ ರೀತಿ ಇನ್ನೊಂದು. ಕೈಗೆ ಸಿಗುವ ಮೊದಲೇ, ಗಂಟು ಜೋಳದ ಕಾಳಿನಷ್ಟಿರುವಾಗಲೇ ಹೂಗಳಿಗೆ ಅದು ತಿಳಿಯುತ್ತಿತ್ತು. ವಾರಕ್ಕೊಂದು ದಿನ ತೊಟ್ಟರೆ ಸಾಕು. ತೊಟ್ಟುಕೊಂಡು ಹಿಟ್ಟಿನ ಗಿರಣಿಯ ಹೊಸ್ತಿಲು ದಾಟಿದರೆ, ಬಾಗಿಲ ಚೌಕಟ್ಟಿಗೆ ಬಡಿದ ಬೆಂಕಿಪೆಟ್ಟಿಗೆಯಷ್ಟು ಡಬ್ಬಿ ಸುದ್ದಿಯನ್ನು ದೊಡ್ಡ ಊರಿನ ಆಸ್ಪತ್ರೆಯಲ್ಲಿದ್ದ ಕೇಂದ್ರಕ್ಕೆ ಕಳಿಸುತ್ತಿತ್ತು. ಗಿರಣಿಯೇ ಯಾಕೆ ಎಂದರೆ, ಆಸ್ಪತ್ರೆಯ ಮೆಟ್ಟಿಲು ಹತ್ತದ ಹೆಂಗಸರುಂಟು, ಗುಡಿಗೆ ಹೋಗದವರೂ ಉಂಟು. ಹಿಟ್ಟಿಲ್ಲದೆ ರೊಟ್ಟಿ ಬಡಿಯುವವಳು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಖಣ ಹಂಚಿದ್ದೂ ಊರ ಪದ್ಧತಿಯಂತೆಯೇ. ಸರಕಾರದ್ದು ಎಂದರೆ ಯಾರೂ ಮುಟ್ಟಲಾರರೆಂದು ಸಮುದಾಯ ಭವನದಲ್ಲಿ ದೊಡ್ಡದಾಗಿ ಉಡಿ ತುಂಬುವ ಕಾರ್ಯಕ್ರಮ ಇಟ್ಟರು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ಖಣ. ಒಬ್ಬೊಬ್ಬರ ಹೆಸರು ಕರೆದು ಸೆರಗಿಗೆ ಹಾಕಿದರು. ಖಣದ ನಂಬರನ್ನು ಆ ಹೆಸರಿಗೆ ಜೋಡಿಸಿದರು. ಉಡಿ ತುಂಬಿಸಿಕೊಳ್ಳುವವರೆಲ್ಲ ಬಂದಿದ್ದರು. ಹಾಡೂ ಆಯಿತು, ಊಟವೂ ಆಯಿತು.

ಕಸ್ತೂರಿ ಆ ಕೇಂದ್ರದಲ್ಲಿ ಕರೆ ಮಾಡುವವಳು. ಹೊನ್ನಗುಡ್ಡದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಕೇಂದ್ರದ ಗೋಡೆಯಗಲದ ಪರದೆಯಲ್ಲಿ ಊರಿನ ನಕ್ಷೆ, ಅದರಲ್ಲಿ ಖಣ ಪಡೆದ ಒಬ್ಬೊಬ್ಬ ಹೆಂಗಸಿಗೂ ಅವಳ ಮನೆಯ ಜಾಗದಲ್ಲಿ ಒಂದೊಂದು ದೀಪ. ಗಿರಣಿಯಿಂದ ಸುದ್ದಿ ಬಂದಾಗ ಅದು ಒಮ್ಮೆ ಮಿನುಗಿ ಹಸಿರಾಗಿ ನಿಲ್ಲುತ್ತಿತ್ತು. ಗಂಟಿನ ಸುಳಿವು ಸಿಕ್ಕರೆ ಕೆಂಪಾಗಿ ನಿಲ್ಲುತ್ತಿತ್ತು. ಕೆಂಪಾದವರಿಗೆ ಫೋನು ಹಚ್ಚಿ, ಹೆದರಿಸದೆ, ಆಸ್ಪತ್ರೆಗೆ ಬರುವಂತೆ ಮಾಡುವುದು ಅವಳ ಕೆಲಸ. ಎದುರಿಗೆ ಮನುಷ್ಯರಿದ್ದರೆ ಕಸ್ತೂರಿಯ ಮಾತು ಗಂಟಲು ದಾಟುತ್ತಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟ ಹುಡುಗಿ. ಓದಿದವರ ನಡುವೆ ಕಾಲ ಹೆಬ್ಬೆರಳು ನೋಡುತ್ತ ನಿಲ್ಲುತ್ತಿದ್ದಳು. ಫೋನಿನಲ್ಲಿ ಮಾತ್ರ ಯಾರೂ ತನ್ನ ಮುಖ ನೋಡುತ್ತಿಲ್ಲವೆಂಬ ಧೈರ್ಯಕ್ಕೆ ಅವಳ ದನಿ ಎಣ್ಣೆ ಹಾಕಿದ ದೀಪದಂತೆ ಹತ್ತಿಕೊಳ್ಳುತ್ತಿತ್ತು.

ಆ ವಾರ ಕೆಂಪಾದದ್ದು ಅವಳದೇ ಊರಿನ ಶಂಕ್ರವ್ವನ ದೀಪ.

ಶಂಕ್ರವ್ವ ಮಗ್ಗ ನಿಲ್ಲಿಸಿ, ಬೈಯುತ್ತ ಬಂದು, ಎಲ್ಲ ಪರೀಕ್ಷೆ ಮಾಡಿಸಿಕೊಂಡಳು. ಕೇಂದ್ರ ನಡೆಸುವ ಡಾಕ್ಟರ್ ಜಯಶೀಲಾ ತಾವೇ ಕೂತು ಎರಡು ಸಲ ನೋಡಿದರು. ಏನೂ ಇರಲಿಲ್ಲ. 'ಇಲ್ಲದ ಗಂಟು ಹುಡುಕಾಕ ನನ್ನ ಕೂಲಿ ಕಳೆದ್ರಿ' ಎಂದು ಹೇಳಿ ಶಂಕ್ರವ್ವ ಹೊರಟುಹೋದಳು.

"ದಾರ ಕೆಟ್ಟಿದೆ ಮೇಡಂ" ಎಂದ ಯಂತ್ರಗಳನ್ನು ನೋಡಿಕೊಳ್ಳುವ ವಿನೋದ ಪತ್ತಾರ. "ಬೇರೆಯವರದು ವಾರಕ್ಕೊಮ್ಮೆ ಮಿನುಗಿದರೆ ಇದು ದಿನಾ ಮಿನುಗುತ್ತೆ. ಬೆಳಿಗ್ಗೆಯಿಂದ ಸಂಜೆತನಕ ಬಿಟ್ಟೂಬಿಟ್ಟೂ. ಯಾವ ಹೆಂಗಸು ದಿನಾ ಇಪ್ಪತ್ತು ಸಲ ಗಿರಣಿಗೆ ಹೋಗ್ತಾಳೆ? ಇದರ ನಂಬರ್ ಆರಿಸಿಬಿಡೋಣ."

"ಆರಿಸಿ. ಸುಮ್ಮನೆ ಒಬ್ಬಳನ್ನ ಹೆದರಿಸಿದ್ವಿ" ಎಂದರು ಡಾಕ್ಟರ್.

ಕಸ್ತೂರಿ ಮೂಲೆಯ ಕುರ್ಚಿಯಿಂದ ಎದ್ದು ನಿಂತಳು. ವಿನೋದ ಬೆರಳು ಮುಂದೆ ತಂದಾಗ, "ಸರ್, ಆರಿಸಬ್ಯಾಡ್ರಿ" ಎಂಬ ಮಾತು ತಾನೇ ಹೊರಬಿತ್ತು. ಇಬ್ಬರೂ ತಿರುಗಿದರು. ಅವಳು ನೆಲ ನೋಡುತ್ತಲೇ ಹೇಳಿದಳು: "ಮೇಡಂ, ಶಂಕ್ರವ್ವತ್ತಿ ಇಲ್ಲೇ ಹೊರಗ ಬೆಂಚಿನ ಮ್ಯಾಲೆ ಕುಂತಿದ್ಲು. ಆವಾಗೂ ಆಕಿ ದೀಪ ಮಿನುಗಿತು. ನಾ ನೋಡಿದೆ. ಸುದ್ದಿ ನಮ್ಮೂರ ಗಿರಣಿಯಿಂದ ಬಂತು."

ಡಾಕ್ಟರ್ ಜಯಶೀಲಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ವಿನೋದ ಪರದೆಯ ಮುಂದೆ ಬಗ್ಗಿ ಹಳೆಯ ಸುದ್ದಿಗಳನ್ನು ಹಿಂದೆ ಸರಿಸಿ ನೋಡಿದ. "ಹೌದಲ್ಲ" ಎಂದ ಮೆಲ್ಲಗೆ. "ಮೊದಲಿಂದ ಕೊನೇತನಕ ಒಂದೇ ಮೈ. ದಾರ ಕೆಟ್ಟಿದ್ರೆ ಇಷ್ಟು ಒಂದೇ ಥರ ಇರಲ್ಲ."

"ಅಂದರೆ ಖಣ ಯಾರದೋ ಮೈಮೇಲಿದೆ" ಎಂದರು ಡಾಕ್ಟರ್. "ಆಕೆಗೆ ಗಂಟು ಇದೆ, ಅದು ಬೆಳೀತಾ ಇದೆ, ಅದು ಆಕೆಗೆ ಗೊತ್ತಿಲ್ಲ. ಕಸ್ತೂರಿ, ಫೋನಲ್ಲಿ ಆಗುವ ಕೆಲಸ ಅಲ್ಲ ಇದು. ನಿಮ್ಮೂರು. ನೀನೇ ಹುಡುಕಬೇಕು."

ಬಸ್ಸಿನಲ್ಲಿ ಊರಿಗೆ ಬರುವಷ್ಟೂ ಹೊತ್ತು ಕಸ್ತೂರಿಗೆ ಆ ಕಾಣದ ಹೆಂಗಸಿನದೇ ಚಿಂತೆ. ಎಲ್ಲೋ ರೊಟ್ಟಿ ಬಡಿಯುತ್ತಿರಬೇಕು, ಯಾರ ಮೇಲೋ ಸಿಟ್ಟು ಮಾಡುತ್ತಿರಬೇಕು.

ಮನೆಯಲ್ಲಿ ಅವ್ವ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಅಪ್ಪ ತೀರಿಕೊಂಡಾಗ ಮಗ್ಗ ಮಾರಿ, ಅವರಿವರಿಗೆ ರೊಟ್ಟಿ ಮಾಡಿಕೊಟ್ಟು ಮಗಳನ್ನು ಸಾಕಿದ ಕೈ ಅದು. ಕಸ್ತೂರಿ ಎಲ್ಲ ಹೇಳಿದಳು. ಯಾರ ಗುಟ್ಟನ್ನೂ ಕೇಂದ್ರದ ಹೊರಗೆ ಹೇಳಬಾರದು, ಆದರೆ ಅವ್ವನಿಗೆ ಹೇಳದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಶಂಕ್ರವ್ವನ ಖಣ ಬ್ಯಾರೆದವ್ರು ತೊಟ್ಟಾರ?" ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಮತ್ತೆ ನಾದತೊಡಗಿತು. "ಖಣ ತೊಡೋರ ಸುದ್ದಿ ನನಗೇನು ಗೊತ್ತು, ನಮ್ಮವ್ವಾ. ನಾ ಎಲ್ಲಿ ಅಂಥಲ್ಲಿ ಹೋಗ್ತೀನಿ? ಉಣ್ಣು, ಆರತೈತಿ."

ಮರುದಿನ ಕಸ್ತೂರಿ ಶಂಕ್ರವ್ವನ ಮನೆ ಹೊಸ್ತಿಲಲ್ಲಿ ನಿಂತಾಗ ಒಳಗೆ ಮಗ್ಗ ದಡಬಡ ಎನ್ನುತ್ತಿತ್ತು.

"ಮತ್ಯಾಕ ಬಂದಿಯವಾ? ಗಂಟು ಸಿಕ್ತೇನು?"

"ಖಣ ನೋಡಬೇಕಿತ್ತು, ಅತ್ತೀ. ಹೊಲಿಸೀಯೇನು?"

"ಹೊಲಿಸೀನಲ್ಲ. ಮಂಗಳವಾರಕ್ಕೊಮ್ಮೆ ತಪ್ಪದಂಗ ತೊಡ್ತೀನಿ." ಶಂಕ್ರವ್ವ ಮಗ್ಗದಿಂದ ಕಣ್ಣೆತ್ತಲಿಲ್ಲ. "ತೊಳಿಯಾಕ ಹಾಕೀನಿ."

ಕಸ್ತೂರಿ ಸುಮ್ಮನೆ ಹೊಸ್ತಿಲ ಮೇಲೆ ಕೂತಳು, ಬಾಗಿಲ ಹೊರಗೆ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆ ನೋಡುತ್ತ. ಅಲ್ಲಿ ಖಣವಿರಲಿಲ್ಲ. ಮಾತಾಡದೆ ಕೂತವರ ಮುಂದೆ ಸುಳ್ಳು ಬಹಳ ಹೊತ್ತು ನಿಲ್ಲುವುದಿಲ್ಲ. ಮಗ್ಗ ನಿಂತಿತು.

"ಹಸರು ಬಣ್ಣ ನನಗ ಒಪ್ಪಲಿಲ್ಲವಾ" ಎಂದಳು ಶಂಕ್ರವ್ವ. "ರತ್ನವ್ವನ ಸೊಸಿ ಬಸರಿದ್ದಾಗ ಆಕಿ ಕುಬಸದ ಕಾರ್ಯಕ್ಕ ಉಡಿಯಾಗ ಹಾಕಿದೆ. ಪ್ಯಾಟಿಯಿಂದ ತಂದದ್ದು ಅಂತ ಹೇಳೀನಿ, ನೀ ಬಾಯಿ ಬಿಟ್ಟಿ ಅಂದ್ರ ನನ್ನ ಮಾನ ಹೋತು ನೋಡು."

ಇದು ಆ ಊರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ, ಯಾರೂ ಒಪ್ಪಿಕೊಳ್ಳದ ಸಂಗತಿ. ಉಡಿಗೆ ಬಂದ ಖಣ ಮನಸ್ಸಿಗೆ ಬಂದರೆ ದರ್ಜಿಯ ಹತ್ತಿರ ಹೋಗುತ್ತದೆ, ಬಾರದಿದ್ದರೆ ಟ್ರಂಕಿನ ತಳಕ್ಕೆ. ಮುಂದೆ ಯಾರದೋ ಸೀಮಂತ, ಯಾರದೋ ಮನೆ ಒಳಹೊಕ್ಕುವ ಕಾರ್ಯ ಬಂದಾಗ ಮಡಿಕೆ ಕೆಡದಂತೆ ಅಲ್ಲಿಂದ ಎದ್ದು ಇನ್ನೊಂದು ಉಡಿಗೆ ಬೀಳುತ್ತದೆ. ದೊಡ್ಡ ಊರಿನಲ್ಲಿ ಕೂತು ಯೋಜನೆ ಮಾಡಿದವರು ದಾರ, ಕರೆಂಟು, ಡಬ್ಬಿ ಎಲ್ಲ ಯೋಚಿಸಿದ್ದರು. ಖಣ ಕೂತಲ್ಲಿ ಕೂರುವ ಜಾತಿಯದಲ್ಲ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಹೊನ್ನಗುಡ್ಡದವಳೇ ಆದ ಕಸ್ತೂರಿಗೂ ಹೊಳೆದಿರಲಿಲ್ಲ.

ರತ್ನವ್ವ ಬಾಗಿಲಲ್ಲೇ, "ನಮ್ಮ ಸೊಸಿ ತವರಿಗೆ ಒಯ್ದಾಳ" ಎಂದಳು. ಸೊಸೆ ಅವಳ ಬೆನ್ನ ಹಿಂದೆಯೇ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು, ನಕ್ಕುಬಿಟ್ಟಳು. "ಸುಳ್ಳು ಯಾಕ ಹೇಳ್ತೀರಿ ಅತ್ತೆವ್ರ? ಮಹಾನಂದಕ್ಕ ಹೊಸಾ ಮನಿ ಕಟ್ಟಿಸಿದಾಗ ನೀವೇ ಕೊಟ್ಟು ಬಂದ್ರಲ್ಲ." ಮಹಾನಂದಾ ಕಸ್ತೂರಿಗೆ ಚಹಾ ಕೊಟ್ಟು, ಸೋಫಾದ ಮೇಲೆ ಕೂರಿಸಿ, ಊರಿನ ಸುದ್ದಿಯೆಲ್ಲ ಮಾತಾಡಿ, ಕೊನೆಗೆ ದನಿ ಇಳಿಸಿದಳು. "ನೀ ಯಾರಿಗೂ ಹೇಳೂದಿಲ್ಲಂದ್ರ ಹೇಳ್ತೀನಿ. ಶ್ರಾವಣದಾಗ ಶಂಕ್ರವ್ವಕ್ಕಗ ಉಡಿ ತುಂಬಿದೆ, ಅದರಾಗ ಹಾಕಿದೆ. ಪಾಪ, ಆಕಿ ಎಷ್ಟು ಖುಷಿ ಪಟ್ಲು ಅಂತಿ!"

ಹಾಗಾಗಿ ಕಸ್ತೂರಿ ಮತ್ತೆ ಶಂಕ್ರವ್ವನ ಹೊಸ್ತಿಲ ಮೇಲೆ.

ಶಂಕ್ರವ್ವ ಅವಳ ಮುಖ ನೋಡಿದ್ದೇ ಸೆರಗು ಬಾಯಿಗೆ ಹಚ್ಚಿ ನಕ್ಕಳು. "ಗೊತ್ತಾತೇನು? ಊರೆಲ್ಲ ತಿರುಗಿ ನನ್ನ ಉಡಿಗೇ ಬಂದು ಬಿತ್ತು, ಮೂಳ ಖಣ! ದಡಿಯಾಗ ಒಂದು ಎಳೆ ಜಗ್ಗಿತ್ತು, ನೋಡಿದ ಕೂಡ್ಲೇ ಗುರುತು ಹತ್ತಿತು. ಮಹಾನಂದಾನ ಮುಂದ ನಕ್ಕಿದ್ರ ಹೆಂಗ? ಬಾಯಿ ಕಚ್ಚಿಕೊಂಡು ಕುಂತೆ."

"ಆಮ್ಯಾಲೆ ಯಾರಿಗೆ ಕೊಟ್ಟಿ, ಅತ್ತೀ?"

ನಗೆ ನಿಂತಿತು. "ಅದನ್ನ ಕೇಳಬ್ಯಾಡ. ಮಾತು ಕೊಟ್ಟೀನಿ."

"ಅತ್ತೀ, ಗಂಟು ಆಕಿಗೆ ಐತಿ."

"ಆಕಿಗೆ ಹೆಂಗ ಇರತೈತಿ? ನಂಬರಿಗೆ ಜೋಡಿಸಿದ್ದು ನನ್ನ ಹೆಸರು. ಹೆಸರು ನಂದು ಅಂದಮ್ಯಾಲೆ ಬಂದ ಬ್ಯಾನಿನೂ ನಂದೇ ಇರಬೇಕು ಅಂತ ತಿಳಕೊಂಡು ನಾ ಬಂದೆ."

"ಖಣಕ್ಕ ಹೆಸರು ಓದಾಕ ಬರೂದಿಲ್ಲತ್ತಿ" ಎಂದಳು ಕಸ್ತೂರಿ. ಜೀವನದಲ್ಲಿ ಮೊದಲ ಸಲ ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಳು. "ಅದು ತೊಟ್ಟಾಕಿ ಮೈ ಅಷ್ಟೇ ಓದತೈತಿ. ಆಕಿ ಇನ್ನೂ ತೊಟ್ಟಾಳ. ತಡ ಮಾಡಿದ್ರ ಗಂಟು ದೊಡ್ಡದಾಗತೈತಿ."

ಶಂಕ್ರವ್ವನ ಕೈಯ ಲಾಳಿ ಮಡಿಲಿಗೆ ಬಿತ್ತು. ಅವಳ ಕಣ್ಣು ತುಂಬಿದ್ದನ್ನು ಕಸ್ತೂರಿ ಕಂಡೂ ಕಾಣದಂತೆ ಕೂತಳು.

"ಎರಡು ಸಲ ನನ್ನ ಕಡೆ ಬಂತಲ್ಲ, ಇದು ನನ್ನದಲ್ಲ, ಯಾರನ್ನೋ ಹುಡುಕಾಕ ಹತ್ತೈತಿ ಅನಿಸ್ತು" ಎಂದಳು ಶಂಕ್ರವ್ವ. "ಯಾರೂ ಕೊಡದಾಕಿಗೆ ಕೊಟ್ಟೆ. ನಾ ಕೊಟ್ಟೀನಂತ ಯಾರಿಗೂ ಹೇಳಬಾರದು, ತಾ ತೊಟ್ಟೀನಂತ ಯಾರಿಗೂ ಗೊತ್ತಾಗಬಾರದು ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡಾಳ. ಹೆಸರು ನನ್ನ ಬಾಯಿಂದ ಬರೂದಿಲ್ಲ ಕಸ್ತೂರೀ." ಮೂಗು ಒರೆಸಿಕೊಂಡಳು. "ನಿಮ್ಮ ಮನಿಯಾಗ ಹಿಟ್ಟು ತೀರಿರಬೇಕು. ಹೋಗಿ ಜ್ವಾಳ ಬೀಸಿಸಿಕೊಂಡು ಬಾ."

ಕಸ್ತೂರಿ ದಾರಿಯಲ್ಲಿ ಅರ್ಧ ಬಂದವಳು ಅಲ್ಲೇ ನಿಂತುಬಿಟ್ಟಳು. ಬೆಳಿಗ್ಗೆಯಿಂದ ಸಂಜೆತನಕ, ಬಿಟ್ಟೂಬಿಟ್ಟೂ. ದಿನಾ ಇಪ್ಪತ್ತು ಸಲ ಗಿರಣಿಯ ಹೊಸ್ತಿಲು ದಾಟುವವಳು ಒಬ್ಬಳಿದ್ದಾಳೆ. ಹಿಟ್ಟು ಬೀಸಿಸಲು ಬಂದವಳಲ್ಲ, ಬೀಸುವವಳು.

ಗಿರಣಿಯ ಒಳಗೆ ಎಂದಿನಂತೆ ಬೆಲ್ಟು ಹೂಂಕರಿಸುತ್ತಿತ್ತು. ತುಳಸವ್ವ ಕಾಳು ಸುರಿದು, ಹಿಟ್ಟು ತುಂಬಿ, ಬಾಗಿಲಾಚೆಗಿನ ತಕ್ಕಡಿಗೆ ಒಯ್ದು, ಮತ್ತೆ ಒಳಗೆ ಬರುತ್ತಿದ್ದಳು. ತಲೆಯಿಂದ ಪಾದದವರೆಗೆ ಹಿಟ್ಟು. ಅವಳ ರವಿಕೆ ಯಾವ ಬಣ್ಣದ್ದೆಂದು ಊರಲ್ಲಿ ಯಾರೂ ನೋಡಿರಲಿಲ್ಲ. ಹಿಟ್ಟು ಬೀಸಿಸಲು ಬರುವ ಕಸ್ತೂರಿಯೂ ನೋಡಿರಲಿಲ್ಲ. ಹಣೆ ಬರಿದು. ಗಂಡ ತೀರಿ ಅದೆಷ್ಟೋ ವರ್ಷ. ಕಾಲ ಬದಲಾಗಿತ್ತು, ಬಣ್ಣದ ಸೀರೆಗೆ ಈಗ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಉಡಿ ತುಂಬುವಾಗ ಅಂಥವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು, ಯಾರೂ ಮುಂದೆ ಕರೆಯುತ್ತಿರಲಿಲ್ಲ. ಸಮುದಾಯ ಭವನದ ಆ ದೊಡ್ಡ ಕಾರ್ಯಕ್ರಮದಲ್ಲೂ ಅಷ್ಟೇ. ತನ್ನ ಅವ್ವ ಆ ದಿನ 'ತಲಿ ನೋಯ್ತೈತಿ' ಎಂದು ಮನೆಯಲ್ಲೇ ಮಲಗಿದ್ದು ಕಸ್ತೂರಿಗೆ ಈಗ ನೆನಪಾಯಿತು.

ಆ ಸದ್ದಿನಲ್ಲಿ ಮಾತಾಡುವುದು ಹೇಗೆಂದು ಅವಳು ನಿಂತಿರುವಾಗಲೇ ಕರೆಂಟು ಹೋಯಿತು. ಬೆಲ್ಟು ನಿಧಾನವಾಗಿ ಸುತ್ತಿ ನಿಂತಿತು. ಕಾಯುತ್ತಿದ್ದವರು ಬಯ್ಯುತ್ತ ಹೊರಗೆ ನೆರಳಿಗೆ ಹೋದರು. ತುಳಸವ್ವ ಮೂಟೆಗೆ ಒರಗಿ ಕೂತು, ತೋಳಿನ ಹಿಟ್ಟನ್ನು ಸೆರಗಿನಿಂದ ಕೊಡವಿದಳು. ಬಿಳಿಯ ಕೆಳಗಿಂದ ಹಸಿರು ಕಂಡಿತು. ಹಸಿರಿನ ಮೇಲೆ ಸೂಜಿಮಲ್ಲಿಗೆಯ ಸಣ್ಣ ಹೂಗಳು.

ಕಸ್ತೂರಿ ನೋಡಿದ್ದನ್ನು ತುಳಸವ್ವ ನೋಡಿದಳು. ಥಟ್ಟನೆ ಸೆರಗು ಎಳೆದುಕೊಂಡಳು.

"ಚಿಗವ್ವಾ" ಎಂದು ಕಸ್ತೂರಿ ಅವಳ ಪಕ್ಕ ಹಿಟ್ಟಿನ ನೆಲದ ಮೇಲೇ ಕೂತಳು. "ಬೈಯಾಕ ಬಂದಿಲ್ಲ."

ಹೇಳಿದಳು. ಫೋನಿನಲ್ಲಿ ಹೇಳುವ ದನಿಯಲ್ಲೇ, ಆದರೆ ಈ ಸಲ ಕೈ ಹಿಡಿದುಕೊಂಡು. ತುಳಸವ್ವ ಎಲ್ಲ ಕೇಳಿದಳು. ಅಳಲಿಲ್ಲ. ತಲೆಯಾಡಿಸಿದಳು, ತನಗೆ ಮೊದಲೇ ಗೊತ್ತಿದ್ದ ಸುದ್ದಿ ಎಂಬಂತೆ.

"ತೊಡಬಾರದ್ದು ತೊಟ್ಟೆ ನಾ" ಎಂದಳು. "ಅವರು ಹೋದಮ್ಯಾಲೆ ನನ್ನ ಉಡಿಯಾಗ ಯಾರೂ ಏನೂ ಹಾಕಿರಲಿಲ್ಲ. ಶಂಕ್ರವ್ವಕ್ಕ ಬಾಗಲಾ ಮುಂದ ಮಾಡಿ ಹಾಕಿದ್ಲು. ಹೊಲಿಸಿಕೊಂಡು ತೊಟ್ಟಮ್ಯಾಲೆ ತಗದಿಡಾಕ ಮನಸೇ ಆಗಲಿಲ್ಲವಾ. ತೊಳೀತೀನಿ, ಆರಿಸ್ತೀನಿ, ಮತ್ತ ಅದನ್ನೇ ತೊಡ್ತೀನಿ. ಆಸಿ ಮಾಡಿದೆ. ಎಲ್ಲಿ ಆಸಿ ಮಾಡಿದೆ ಅಲ್ಲೇ ಕೊಟ್ಟ ನೋಡು ದೇವರು." ಕೈ ರವಿಕೆಯ ಗುಂಡಿಯ ಕಡೆ ಹೋಯಿತು. "ಇದನ್ನ ಸುಟ್ಟುಬಿಡ್ತೀನಿ. ಹೋಗತೈತಿ."

ಕಸ್ತೂರಿ ಆ ಕೈಯನ್ನೂ ಹಿಡಿದಳು. ಈಗ ಮಾತಾಡದಿದ್ದರೆ ಇನ್ನೆಂದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

"ಕನ್ನಡಿ ನೋಡಿದ್ದಕ್ಕ ಮುಖದಾಗ ಕಲೆ ಬರ್ತೈತೇನು, ಚಿಗವ್ವಾ? ಕಲೆ ಮೊದಲೇ ಇತ್ತು. ನೋಡಾಕ ಕನ್ನಡಿ ಇರಲಿಲ್ಲ, ಅಷ್ಟೇ. ನೀ ವಾರಕ್ಕೊಮ್ಮೆ ತೊಟ್ಟು ತಗದಿಟ್ಟಿದ್ರ ನಾನೂ ನಿನ್ನ ಹುಡುಕತಿರಲಿಲ್ಲ. ದಿನಾ ತೊಟ್ಟಿ, ಅದಕ್ಕೇ ಸಿಕ್ಕಿ. ನಿನ್ನ ಆಸೀನೇ ನಿನ್ನ ತೋರಿಸ್ತು."

ತುಳಸವ್ವ ಅವಳನ್ನೇ ನೋಡಿದಳು. ಆಮೇಲೆ, ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ದಾರಿ ಮಾಡಿಕೊಂಡು ನೀರು ಇಳಿಯಿತು.

"ಯಾರ ಜೋಡಿ ಹೋಗಲವಾ ನಾ, ಆ ದೊಡ್ಡ ಊರಿಗೆ?"

"ನನ್ನ ಜೋಡಿ" ಎಂಬ ದನಿ ಬಾಗಿಲಲ್ಲಿ ಕೇಳಿತು. ಜೋಳದ ಪುಟ್ಟಿ ಸೊಂಟಕ್ಕಿಟ್ಟುಕೊಂಡು ಕಸ್ತೂರಿಯ ಅವ್ವ ನಿಂತಿದ್ದಳು. ಮಗಳ ಕಡೆ ನೋಡಲಿಲ್ಲ. "ನನಗ ಮೊದಲೇ ಗೊತ್ತಿತ್ತು ತುಳಸಾ. ನೀ ಅವತ್ತು ಹಿತ್ತಲದಾಗ ನನಗ ಸೆರಗು ಸರಿಸಿ ತೋರಿಸಿದ್ದಿ, ಚಂದ ಐತೇನಕ್ಕಾ ಅಂದಿದ್ದಿ. ನಿನ್ನೆ ರಾತ್ರಿ ಈಕಿ ಕೇಳಿದಾಗ ನಾ ಬಾಯಿ ಬಿಡಲಿಲ್ಲ. ಮುಂಜಾನಿತನಕ ನಿದ್ದಿ ಬರಲಿಲ್ಲ. ಇನ್ನ ಮುಚ್ಚಿಡೋದು ಬ್ಯಾಡ, ನಡಿ."

ಬಸ್ಸಿಗೆ ಹೊರಟಾಗ ಶಂಕ್ರವ್ವನೂ ಚೀಲ ಹಿಡಿದು ನಿಂತಿದ್ದಳು. "ನನ್ನ ಹೆಸರಿನಾಗ ಹೊಂಟಾಳ, ನಾ ಬರದಿದ್ರ ಹೆಂಗ? ಅಲ್ಲಿ ಎಲ್ಲಾ ಪರೀಕ್ಷೆ ಬರದು ಪಾಸಾದಾಕಿ ನಾ. ಯಾವ ಕ್ವಾಣಿಯಾಗ ತಣ್ಣಗ ಇರತೈತಿ, ಯಾವ ಸಿಸ್ಟರು ಸಿಡುಕತಾಳ, ಎಲ್ಲಾ ಹೇಳ್ತೀನಿ." ಬಸ್ಸಿನಲ್ಲಿ ಹಿರಿಯರು ಮೂವರೂ ಒಂದೇ ಸೀಟಿನಲ್ಲಿ ಒತ್ತಿ ಕೂತರು. ತುಳಸವ್ವ ನಡುವೆ.

ಗಂಟು ಇನ್ನೂ ಚಿಕ್ಕದಿತ್ತು. ಡಾಕ್ಟರ್ ಜಯಶೀಲಾ ಅದನ್ನು ತೆಗೆಸಿದ ಮೇಲೆ ಹೊರಗೆ ಬಂದು ಶಂಕ್ರವ್ವ, ಕಸ್ತೂರಿ, ಅವ್ವ ಮೂವರ ಮುಂದೆ ನಿಂತು, "ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಹೀಗೆ ಹೇಳೋಕೆ ಆಗ್ತಿರಲಿಲ್ಲ. ಔಷಧಿ ಇದೆ, ತಿಂಗಳು ತಿಂಗಳು ಬರಬೇಕು. ಆದರೆ ಇರ್ತಾಳೆ" ಎಂದರು. ಶಂಕ್ರವ್ವ ಎದ್ದು ಡಾಕ್ಟರ ಗಲ್ಲ ಸವರಿ ತನ್ನ ಕಣತಲೆಗೆ ಬೆರಳು ಮುರಿದಳು. ಲಟಲಟ ಸದ್ದಿಗೆ ಆಸ್ಪತ್ರೆಯ ಸಾಲೆಲ್ಲ ತಿರುಗಿ ನೋಡಿತು.

ಆ ಸಂಜೆ ಕಸ್ತೂರಿ ಕೇಂದ್ರದ ಪರದೆಯ ಮುಂದೆ ನಿಂತಳು. ಹೊನ್ನಗುಡ್ಡದ ಓಣಿ ಓಣಿಯಲ್ಲಿ ದೀಪಗಳು. ಇಷ್ಟು ದಿನ ಅವಳು ದೀಪಗಳನ್ನಷ್ಟೇ ನೋಡಿದ್ದಳು. ಇವತ್ತು ನಡುವಿನ ಕತ್ತಲೆಯನ್ನು ನೋಡಿದಳು. ಇದು ಗಿರಣಿಯ ಹಿಂದಿನ ತುಳಸವ್ವನ ಗುಡಿಸಲು. ಇದು ಬಣ್ಣ ಅದ್ದುವ ನಾಗಮ್ಮಾಯಿಯದು. ಇದು ತಮ್ಮ ಮನೆ.

"ಮೇಡಂ" ಎಂದು ಕರೆದಳು. ನೆಲ ನೋಡಲಿಲ್ಲ. "ಇಲ್ಲೆಲ್ಲಾ ಹೆಂಗಸರದಾರ. ಉಡಿಯಾಗ ಹಾಕಿದ್ವಿ, ಉಡಿ ಇಲ್ಲದೋರಿಗೆ ಮುಟ್ಟಲಿಲ್ಲ."

ಡಾಕ್ಟರ್ ಪರದೆಯ ಕತ್ತಲೆಯ ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ, "ಹೇಗೆ ಕೊಡೋಣ, ಕಸ್ತೂರಿ? ಮನೆಮನೆಗೆ ಕಳಿಸೋಣವಾ?" ಎಂದು ಕೇಳಿದರು.

"ಬ್ಯಾಡ್ರಿ. ಟ್ರಂಕಿಗೆ ಹೋಗ್ತಾವು. ಉಡಿಯಾಗೇ ಹಾಕೋಣ್ರಿ. ಹಾಕೋರು ಅದಾರ."

ಹಾಕಿದವಳು ಶಂಕ್ರವ್ವ. ಸಮುದಾಯ ಭವನದಲ್ಲಲ್ಲ, ಗಿರಣಿಯಲ್ಲಿ, ಬೆಲ್ಟು ನಿಲ್ಲಿಸಿ. ಮೊದಲು ತುಳಸವ್ವನಿಗೆ, ಆಮೇಲೆ ಕಸ್ತೂರಿಯ ಅವ್ವನಿಗೆ, ಹಿಂದೆ ಸರಿದು ನಿಂತ ಒಬ್ಬೊಬ್ಬರಿಗೂ. ಒಂದಿಬ್ಬರು ಮುದುಕಿಯರು ಮುಖ ತಿರುಗಿಸಿ ಎದ್ದುಹೋದರು. ಹೋಗುವಾಗ ಹಿಟ್ಟಿನ ಪುಟ್ಟಿ ಮರೆತರು. ನಾಳೆ ಅದಕ್ಕಾದರೂ ಬರಲೇಬೇಕಲ್ಲ ಎಂದು ಶಂಕ್ರವ್ವ ನಕ್ಕಳು. "ಇನ್ನೊಬ್ಬರ ಉಡಿಗೆ ದಾಟಿಸಿದ್ರ ಕೈ ಮುರೀತೀನಿ" ಎಂದು ಎಲ್ಲರಿಗೂ ಗದರಿದಳು, ಊರಲ್ಲಿ ಎಲ್ಲರಿಗಿಂತ ಹೆಚ್ಚು ಖಣ ದಾಟಿಸಿದವಳು.

ಮುಂದಿನ ಮಂಗಳವಾರ ಕಸ್ತೂರಿ ತನ್ನ ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದಳು. ಫೋನುಗಳು ಹೊಡೆದುಕೊಳ್ಳುತ್ತಿದ್ದವು, ವಿನೋದ ಏನೋ ಕೇಳಿದ, ಅವಳಿಗೆ ಕೇಳಲಿಲ್ಲ. ಹೊನ್ನಗುಡ್ಡದ ಮೂಲೆಯ ಓಣಿ, ಇಷ್ಟು ದಿನ ಕತ್ತಲೆಯಿದ್ದ ಒಂದು ಚುಕ್ಕಿ. ಅದು ಒಮ್ಮೆ ಮಿನುಗಿತು. ಹಸಿರಾಗಿ ನಿಂತಿತು.

ಅವಳು ಫೋನು ಹಚ್ಚಿದಳು. ಆ ಕಡೆ ಗಿರಣಿಯ ಸದ್ದು.

"ಅವ್ವಾ, ಈಗ ಒಳಗ ಬಂದಿಯೇನು?"

"ಹೂಂ, ಈಗ ಹೊಸ್ತಿಲ ದಾಟಿದೆ. ಯಾಕವಾ?" ಅವ್ವ ಸದ್ದಿನ ಮೇಲೆ ಕೂಗಿದಳು. ಆಮೇಲೆ ದನಿ ಸಣ್ಣದಾಯಿತು, ಹೊಸ ಸೀರೆಯುಟ್ಟು ಕೇಳುವವಳ ಹಾಗೆ. "ನಾ ನಿನಗ ಅಲ್ಲಿ ಕಾಣ್ತೀನೇನು?"

"ಕಾಣ್ತೀಯವ್ವಾ" ಎಂದಳು ಕಸ್ತೂರಿ.